ನೆರೆಗೆ ಕುಸಿದ ಶಾಲೆ ಬೇಗ ಕಟ್ಟಿಸ್ಲಿಕ್ಕೆ ಹೊರಟ ಪೋಷಕರು: ಉಡುಪಿ ಜಿಲ್ಲೆಯ ಒಂದು ಪ್ರಕರಣ

ಊರಿನ ಹೆಸರು, ಹೊಳೆಯ ಹೆಸರು, ತಾಲೂಕು ಯಾವುದೂ ಇದ್ರಲ್ಲಿ ಬರುದಿಲ್ಲ. ಉಡುಪಿ ಜಿಲ್ಲೆ, ಹೊಳೆಬದಿಯ ಒಂದು ಸರಕಾರಿ ಹಿರಿಯ ಪ್ರಾಥಮಿಕ ಶಾಲೆ, 2022ರ ನಂತರದ ಒಂದು ಮಳೆಗಾಲ ಅಂತ ಇಟ್ಕೊಳ್ಳಿ, ಅಷ್ಟು ಸಾಕು. ಗುರುತು ಸಿಗ್ಬಾರ್ದು ಅಂತ ಸಣ್ಣಪುಟ್ಟ ವಿವರ ಬದಲಿಸಿದ್ದೇನೆ. ನಾನು ಆ ಶಾಲೆಯ ಹಳೆ ವಿದ್ಯಾರ್ಥಿ, ಪೋಷಕರು ಹೇಳಿದ್ದನ್ನ ಅರ್ಜಿ ಮಾಡಿ ಟೈಪ್ ಮಾಡಿಕೊಟ್ಟವ. ಬೇರೆ ಕಡೆಯ ಎಸ್‌ಡಿಎಂಸಿಯವ್ರಿಗೆ (ಪೋಷಕರೇ ಹೆಚ್ಚಿರುವ ಶಾಲಾಭಿವೃದ್ಧಿ ಸಮಿತಿ) ಉಪಯೋಗ ಆಗ್ಲಿ ಅಂತ ಬರೀತಾ ಇದ್ದೇನೆ, ಯಾಕಂದ್ರೆ ಶಾಲೆ ಬಿದ್ದ ಮೇಲೆ ಎಲ್ಲರೂ ಮೊದಲು ಕೇಳುವುದು "ಯಾರನ್ನ ಹಿಡಿದ್ರೆ ಕೆಲ್ಸ ಆಗ್ತದೆ" ಅಂತ, ಇಲ್ಲಿ ಕೆಲ್ಸ ಆದದ್ದು ಹಾಗಲ್ಲ.

ಹಿನ್ನೆಲೆ

ಒಂದರಿಂದ ಏಳನೇ ಕ್ಲಾಸು, ಮಕ್ಕಳು ನೂರರ ಹತ್ತಿರ. ಅಪ್ಪಂದಿರಲ್ಲಿ ಸುಮಾರು ಜನ ಬೋಟಿಗೆ ಹೋಗುವವ್ರು, ಅಮ್ಮಂದಿರು ಬೀಡಿ ಕಟ್ಟುವವ್ರು, ಕೆಲವ್ರು ಗೇರುಬೀಜ ಫ್ಯಾಕ್ಟರಿಗೆ. ಇದನ್ನ ಹೇಳ್ಲಿಕ್ಕೆ ಕಾರಣ ಉಂಟು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟು ಕಡಲಿಗೆ ಇಳೀಲಿಕ್ಕಿಲ್ಲ, ಆಗ ಗಂಡಸರು ಮನೆಯಲ್ಲಿರ್ತಾರೆ. ಶಾಲೆ ಬಿದ್ದದ್ದು ಜುಲೈಯಲ್ಲಿ, ಹಾಗಾಗಿ ಮೊದಲು ಆಫೀಸಿಗೆ ಹೋಗ್ಲಿಕ್ಕೆ ಒಂದು ಟೆಂಪೋ ಜನ ಸಿಕ್ಕಿದ್ರು, ಆಗಸ್ಟ್ ಬಂದದ್ದೇ ಬೋಟು ಹೊರಟಿತು, ಟೆಂಪೋ ಖಾಲಿ. ಆಮೇಲಿನ ವರ್ಷವಿಡೀ ಇದನ್ನ ಎಳೆದದ್ದು ನಾಲ್ಕೈದು ಹೆಂಗಸ್ರು, ಒಬ್ರು ರಿಕ್ಷಾ ಡ್ರೈವರು, ಮತ್ತೆ ನಮ್ಮದೇ ಶಾಲೆಯಲ್ಲಿ ಕಲಿತು ಈಗ ವಕೀಲಿಕೆ ಮಾಡುವ ಒಬ್ರು.

ಎಸ್‌ಡಿಎಂಸಿ ಅಧ್ಯಕ್ಷೆ ಬೀಡಿ ಕಟ್ಟುವವ್ರು, ಏಳನೇವರೆಗೆ ಓದಿದವ್ರು, ಅದೂ ಇದೇ ಶಾಲೆಯಲ್ಲಿ. ಅವ್ರನ್ನ ಅಧ್ಯಕ್ಷೆ ಮಾಡಿದ್ದು ಯಾರೂ ಆಗ್ಲಿಕ್ಕೆ ಒಪ್ಪದ ಕಾರಣಕ್ಕೆ.

ಮುಖ್ಯ ಕಟ್ಟಡ ಐವತ್ತರ ದಶಕದ್ದು. ಮುರಕಲ್ಲಿನ ಗೋಡೆ, ಆದ್ರೆ ಕಲ್ಲಿನ ಮಧ್ಯೆ ಇರುವುದು ಮಣ್ಣು, ಹೊರಗಿನ ಗಾರೆ ಮಾತ್ರ ಗಟ್ಟಿ. ಮೇಲೆ ಹಂಚಿನ ಮಾಡು. ಇಂಥ ಗೋಡೆ ಮಳೆಗೆ ಎಂತ ಆಗುದಿಲ್ಲ, ಮಾಡು ಕಾಪಾಡ್ತದೆ, ಜಗಲಿ ಕಾಪಾಡ್ತದೆ. ಬುಡದಲ್ಲಿ ನೀರು ನಿಂತ್ರೆ ಮಾತ್ರ ಮುಗೀತು, ಒಳಗಿನ ಮಣ್ಣು ಕರಗಿ ಕಲ್ಲು ಕೂತುಬಿಡ್ತದೆ, ಮೇಲಿಂದ ಪಕ್ಕಾಸು (ಮಾಡಿನ ಮರದ ತೊಲೆ) ಗೋಡೆಯನ್ನ ಹೊರಗೆ ದೂಡ್ತಾ ಇರ್ತದೆ. 2020ರ ಸೆಪ್ಟೆಂಬರ್ 20ರ ಉಡುಪಿಯ ದೊಡ್ಡ ನೆರೆ ನೆನಪುಂಟಲ್ಲ, ಆಗಲೂ ಇಲ್ಲಿ ನೀರು ನುಗ್ಗಿತ್ತು. ಕೊರೋನಾ ಟೈಮು, ಶಾಲೆಗೆ ಬೀಗ, ಗೋಡೆ ಎಷ್ಟು ಕುಡಿದಿದೆ ಅಂತ ನೋಡುವವ್ರು ಯಾರೂ ಇರ್ಲಿಲ್ಲ. ಪಕ್ಕದಲ್ಲಿ ಸರ್ವ ಶಿಕ್ಷಾ ಅಭಿಯಾನದ ಕಾಲದಲ್ಲಿ ಕಟ್ಟಿದ ಎರಡು ಆರ್‌ಸಿಸಿ ಕೋಣೆ ಬೇರೆಯೇ ಉಂಟು, ಅಲ್ಲಿ ಒಂದರಿಂದ ಮೂರನೆಯ ನಲಿಕಲಿ ಮಕ್ಕಳು. ಈ ಎರಡು ಕೋಣೆಯ ವಿಷಯ ಮುಂದೆ ಬರ್ತದೆ, ಮರೀಬೇಡಿ.

ಬಿದ್ದದ್ದು ಮತ್ತು ಮಹಜರು

ಜುಲೈಯಲ್ಲಿ ರೆಡ್ ಅಲರ್ಟ್, ಡೀಸಿ ರಜೆ ಕೊಟ್ಟಿದ್ರು, ಅದೇ ಪುಣ್ಯ. ಹೊಳೆ ನೀರು ಶಾಲೆ ಅಂಗಳಕ್ಕೆ ಬಂದು ಎರಡು ರಾತ್ರಿ ನಿಂತಿತು. ಇಳಿದ ಮೇಲೆ ಬಾವಿ ಬದಿಯ ಗೋಡೆ ಜಾರಿ ಎರಡು ಕೋಣೆಯ ಮಾಡು ಒಳಗೆ ಬಿತ್ತು. ಉಳಿದ ಕೋಣೆಗಳು ನಿಂತಿದ್ವು, ನಿಂತಿದ್ವು ಅಂದ್ರೆ ನೋಡ್ಲಿಕ್ಕೆ ಮಾತ್ರ, ಬಿರುಕಿನಲ್ಲಿ ಕೈ ಹೋಗ್ತಿತ್ತು.

ಮಾರನೇ ದಿನ ಕಂದಾಯದವ್ರು, ಪಂಚಾಯತಿನವ್ರು, ಶಿಕ್ಷಣ ಇಲಾಖೆಯವ್ರು ಎಲ್ಲ ಬಂದ್ರು. ಆ ವಿಷಯದಲ್ಲಿ ದೂರುವ ಹಾಗಿಲ್ಲ, ನೆರೆಯ ಮರುದಿನ ಅವ್ರಿಗೂ ಹತ್ತು ಊರಲ್ಲಿ ಹತ್ತು ಕೆಲ್ಸ. ಮಹಜರು ಬರೆದ್ರು, ಅಧ್ಯಕ್ಷೆಗೆ ಸಹಿ ಹಾಕಿ ಅಂದ್ರು. ಅವ್ರು "ಒಮ್ಮೆ ಓದಿ ಹೇಳಿ ಸಾರ್" ಅಂದ್ರಂತೆ. ಓದಿದ್ರು: ಎರಡು ಕೋಣೆಯ ಮಾಡಿಗೆ ಹಾನಿ, ಒಂದು ಗೋಡೆ ಕುಸಿತ, ಕಟ್ಟಡಕ್ಕೆ ಭಾಗಶಃ ಹಾನಿ. ಉಳಿದ ಕೋಣೆಗಳ ಬಿರುಕಿನ ಬಗ್ಗೆ ಒಂದಕ್ಷರ ಇಲ್ಲ. "ಈ ಬಿರುಕು ಬರೆಯದೆ ನಾನು ಹಾಕುದಿಲ್ಲ ಸಾರ್, ನಾಳೆ ಈ ಕೋಣೆಯಲ್ಲಿ ನನ್ನ ಮಗನೇ ಕೂತ್ಕೊಳ್ಳುದು." ಅಲ್ಲಿದ್ದ ಒಬ್ರು ಹಿರಿಯರೇ ಬೈದ್ರು, ಅಧಿಕಾರಿಗಳು ಮಳೆಯಲ್ಲಿ ನಿಂತಿದ್ದಾರೆ, ಎಂತ ನಿನ್ನದು ಅಂತ. ಅವ್ರು ಹಾಕ್ಲಿಲ್ಲ. ಕೊನೆಗೆ ಎಲ್ಲ ಕೋಣೆಯ ಬಿರುಕು ಸೇರಿಸಿ, ಇಂಜಿನಿಯರ್ ತಪಾಸಣೆ ಆಗ್ಬೇಕು ಅಂತ ಒಂದು ಸಾಲು ಬರೆಸಿದ ಮೇಲೆ ಸಹಿ ಬಿತ್ತು.

ಇಡೀ ಪ್ರಕರಣದಲ್ಲಿ ನನ್ನ ಪ್ರಕಾರ ಎಲ್ಲಕ್ಕಿಂತ ಬೆಲೆಬಾಳುವ ಹತ್ತು ನಿಮಿಷ ಅದೇ. ಯಾಕಂದ್ರೆ ಹಾನಿ ಯಾವ ಕಾಲಂನಲ್ಲಿ ಬೀಳ್ತದೆ ಅನ್ನುವುದರ ಮೇಲೆ ದುಡ್ಡಿನ ದಾರಿ ನಿಂತಿದೆ. ವಿಪತ್ತು ಪರಿಹಾರ ನಿಧಿಯಿಂದ ಹಾನಿಯಾದ ಪ್ರಾಥಮಿಕ ಶಾಲೆಗೆ ಸಿಗುವುದು ತುರ್ತು ರಿಪೇರಿ ಹಣ, 2022ರಲ್ಲಿ ಬಂದ ನಿಯಮದ ಪ್ರಕಾರ ಆಗ 2 ಲಕ್ಷದವರೆಗೆ. ಅದ್ರಲ್ಲಿ ಹೊಸ ಕಟ್ಟಡ ಆಗುದಿಲ್ಲ. ಹೊಸದು ಬೇಕಾದ್ರೆ ಬೇರೆ ಅನುದಾನ, ಅದಕ್ಕೆ ಹಳೇದು ಉಪಯೋಗಕ್ಕೆ ಯೋಗ್ಯ ಅಲ್ಲ ಅಂತ ಇಂಜಿನಿಯರಿಂಗ್ ವಿಭಾಗದ ಸರ್ಟಿಫಿಕೇಟು ಬೇಕು. ರಿಪೇರಿ ಅಂತ ಒಮ್ಮೆ ದಾಖಲೆಯಲ್ಲಿ ಕೂತ್ರೆ, ಹಂಚು ಹಾಕಿಸಿ ಬಿಲ್ ಪಾಸಾದ್ರೆ, ಆಮೇಲೆ ಅದೇ ಕಟ್ಟಡವನ್ನ ಕೆಡವ್ಬೇಕು ಅಂತ ಯಾವ ಬಾಯಲ್ಲಿ ಕೇಳುದು?

2 ಲಕ್ಷ ಎಂತ ಮಾಡುದು

ಇಲ್ಲೇ ಪೋಷಕರು ಎರಡು ಪಾರ್ಟಿ ಆದ್ರು. ಒಂದು ಪಾರ್ಟಿ, ಬಂದದ್ದನ್ನ ತಗೊಳ್ಳುವ, ಮಾಡು ಹಾಕಿಸುವ, ಮಕ್ಕಳು ಒಳಗೆ ಕೂತ್ಕೊಳ್ಳಲಿ, ದೊಡ್ಡದು ಆಮೇಲೆ ನೋಡುವ. ಇನ್ನೊಂದು ಪಾರ್ಟಿ, ಒಂದು ಪೈಸೆ ಮುಟ್ಬಾರ್ದು, ಮುಟ್ಟಿದ್ರೆ ಫೈಲ್ ಕ್ಲೋಸ್. ಎರಡೂ ಕಡೆ ನ್ಯಾಯ ಇತ್ತು, ಮೀಟಿಂಗ್ ಅಂದ್ರೆ ಬರೀ ಗಲಾಟೆ.

ದಾರಿ ಕಂಡದ್ದು ನಲಿಕಲಿ ಟೀಚರಿಗೆ. ಆರ್‌ಸಿಸಿ ಕೋಣೆಗಳಿಗೂ ನೀರು ನುಗ್ಗಿತ್ತು, ನೆಲದ ಟೈಲ್ಸ್ ಎದ್ದಿತ್ತು, ವಯರಿಂಗ್ ಸುಟ್ಟಿತ್ತು, ಬಾಗಿಲು ಉಬ್ಬಿತ್ತು, ಆದ್ರೆ ಕಟ್ಟಡ ಗಟ್ಟಿ. "ಆ ಹಣ ಇದಕ್ಕೇ ಹಾಕಿ, ಹಳೆ ಕಟ್ಟಡ ಮುಟ್ಟುದೇ ಬೇಡ" ಅಂದ್ರು. ಹಾಗೇ ಎರಡು ಪ್ರತ್ಯೇಕ ಅರ್ಜಿ ಆಯ್ತು: ತುರ್ತು ಹಣದಲ್ಲಿ ಆರ್‌ಸಿಸಿ ಬ್ಲಾಕ್ ರಿಪೇರಿ, ಮುಖ್ಯ ಕಟ್ಟಡಕ್ಕೆ ಇಂಜಿನಿಯರ್ ತಪಾಸಣೆ. ಸೆಪ್ಟೆಂಬರ್ ಹೊತ್ತಿಗೆ ಸಣ್ಣ ಮಕ್ಕಳು ಶಾಲೆಗೆ ವಾಪಸ್ ಬಂದ್ರು. ಶಾಲೆಯ ಅಂಗಳದಲ್ಲಿ ಮಕ್ಕಳ ಗಲಾಟೆ ಕೇಳ್ತಾ ಇದ್ರೆ ಊರವ್ರಿಗೂ ಶಾಲೆ ಇದೆ ಅನ್ನುವ ಧೈರ್ಯ, ಇಲಾಖೆಗೂ ಇದನ್ನ ಮುಚ್ಚಿ ಬೇರೆ ಶಾಲೆಗೆ ಸೇರಿಸುವ ಅಂತ ಹೇಳ್ಲಿಕ್ಕೆ ಕಷ್ಟ.

ಸೇರಿಸುವ ಮಾತು ಬಂದಿತ್ತು. ಹೈವೇ ಆಚೆಯ ಇನ್ನೊಂದು ಶಾಲೆಗೆ ತಾತ್ಕಾಲಿಕವಾಗಿ ಎಲ್ಲ ಮಕ್ಕಳನ್ನ ಕಳಿಸಿ ಅಂತ. ತಾತ್ಕಾಲಿಕ ಅಂತ ಹೋದ ಮಕ್ಕಳು ವಾಪಸ್ ಬಂದದ್ದು ನಾನಂತೂ ಕಂಡಿಲ್ಲ. ವಕೀಲರು ಶಿಕ್ಷಣ ಹಕ್ಕು ಕಾಯ್ದೆಯ ನಿಯಮ ತೆಗೆದಿಟ್ರು: 1ರಿಂದ 5ನೇ ಕ್ಲಾಸಿನ ಮಕ್ಕಳಿಗೆ 1 ಕಿಲೋಮೀಟರ್ ಒಳಗೆ ಶಾಲೆ, 6ರಿಂದ 8ಕ್ಕೆ 3 ಕಿಲೋಮೀಟರ್ ಒಳಗೆ. ಹೈವೇ ಆಚೆಯದ್ದು ಸಣ್ಣವ್ರಿಗೆ ದೂರ ಆಗ್ತದೆ ಅಂತ ನಕ್ಷೆ ಸಮೇತ ಬರೆದುಕೊಟ್ಟದ್ದಕ್ಕೆ ಆ ಮಾತು ಅಲ್ಲಿಗೇ ನಿಂತಿತು.

4ರಿಂದ 7ನೇಯವ್ರಿಗೆ ಜಾಗ ಹುಡುಕಿದ್ದು ಇನ್ನೊಂದು ಕಥೆ. ಭಜನಾ ಮಂದಿರದವ್ರು ಮೊದಲೇ ಬಾಗಿಲು ತೆಗೆದ್ರು, ಒಳ್ಳೇ ಮನಸ್ಸಿನಿಂದಲೇ. ಆದ್ರೆ ಶಾಲೆಯಲ್ಲಿ ಬ್ಯಾರಿ (ಕರಾವಳಿಯ ಮುಸ್ಲಿಂ) ಮಕ್ಕಳೂ ಇದ್ದಾರೆ, ಕ್ರಿಶ್ಚಿಯನ್ ಮಕ್ಕಳೂ ಇದ್ದಾರೆ, ಬೇಡ ಅಂತ ಯಾರೂ ಬಾಯಿಬಿಟ್ಟು ಹೇಳ್ಲಿಲ್ಲ, ಅಧ್ಯಕ್ಷೆಗೆ ಮುಖ ನೋಡಿಯೇ ಗೊತ್ತಾಯ್ತು. ಯುವಕ ಮಂಡಲದ ಹಾಲ್ ಕೇಳಿದ್ರು, ಬಾಡಿಗೆ ಇಲ್ಲದೆ ಸಿಕ್ಕಿತು, ಒಂದು ಷರತ್ತು, ಮದುವೆ ಬುಕ್ಕಿಂಗ್ ಇದ್ರೆ ಬಿಟ್ಟುಕೊಡ್ಬೇಕು. ಹಾಗಾಗಿ ಮಳೆ ರಜೆ, ದಸರಾ ರಜೆ ಜೊತೆಗೆ ಮಕ್ಕಳಿಗೆ ಮುಹೂರ್ತದ ರಜೆ ಅಂತ ಹೊಸತೊಂದು ಶುರುವಾಯ್ತು, ಮಕ್ಕಳಿಗೆ ಖುಷಿಯೇ ಖುಷಿ, ಕೆಲವೊಮ್ಮೆ ಊಟಕ್ಕೂ ಅಲ್ಲೇ.

ಧರಣಿ

ಆಗಸ್ಟ್‌ನಲ್ಲಿ ತಪಾಸಣೆಗೆ ಯಾರೂ ಬರ್ಲಿಲ್ಲ. ಸಿಟ್ಟು ಬಂತು, ಆಫೀಸಿನ ಎದುರು ಧರಣಿ ಕೂತ್ರು. ಮಕ್ಕಳನ್ನ ಯೂನಿಫಾರ್ಮ್‌ನಲ್ಲಿ ಕೂರಿಸುವ, ಪೇಪರಿನಲ್ಲಿ ಫೋಟೋ ದೊಡ್ಡದು ಬರ್ತದೆ ಅಂತ ಕೆಲವ್ರ ಐಡಿಯಾ. ಅಧ್ಯಕ್ಷೆ ಖಡಕ್ಕಾಗಿ ಬೇಡ ಅಂದ್ರು. ಫೋಟೋ ಬಂತು, ಸಣ್ಣದೇ ಬಂತು, "ಶೀಘ್ರ ಕ್ರಮ" ಅಂತ ಭರವಸೆಯೂ ಬಂತು.

ಅದರ ಜೊತೆ ಹೆಡ್ಮಾಷ್ಟ್ರಿಗೆ ಒಂದು ನೋಟಿಸೂ ಬಂತು, ಪೋಷಕರನ್ನ ಪ್ರಚೋದಿಸಿದ್ದಕ್ಕೆ ವಿವರಣೆ ಕೊಡಿ ಅಂತ. ಆ ಮನುಷ್ಯ ಧರಣಿ ದಿನ ಹಾಲ್‌ನಲ್ಲಿ ಮೂರು ಕ್ಲಾಸ್ ಒಟ್ಟಿಗೆ ಕೂರಿಸಿ ಪಾಠ ಮಾಡ್ತಾ ಇದ್ರು. ಆಮೇಲೆ ಅವ್ರು ಪೋಷಕರ ಮೀಟಿಂಗಿಗೆ ಬರ್ಲಿಕ್ಕೇ ಹೆದರಿದ್ರು, ಮಾಹಿತಿ ಎಲ್ಲ ಬಂದ್. ಶಾಲೆಗೆ ಯಾವ ಪತ್ರ ಬಂತು, ಯಾವುದಕ್ಕೆ ಉತ್ತರ ಹೋಯ್ತು, ಒಂದೂ ಗೊತ್ತಾಗುದಿಲ್ಲ. ಧರಣಿಯಿಂದ ಲಾಭ ಎಷ್ಟು ನಷ್ಟ ಎಷ್ಟು ಅಂತ ಕೇಳಿದ್ರೆ ಪೋಷಕರಲ್ಲಿ ಇವತ್ತಿಗೂ ಒಮ್ಮತ ಇಲ್ಲ. ನನ್ನ ಅಭಿಪ್ರಾಯ, ನಷ್ಟವೇ ಜಾಸ್ತಿ, ಆ ಭರವಸೆಯಲ್ಲಿ ತಾರೀಕು ಇರ್ಲಿಲ್ಲ, ಯಾರು ಮಾಡ್ಬೇಕು ಅಂತಲೂ ಇರ್ಲಿಲ್ಲ.

ಅಲ್ಲಿಂದ ಮುಂದೆ ಒಂದು ನಿಯಮ ಮಾಡಿಕೊಂಡ್ರು: ಯಾವ ಕಾಗದವೂ ಹೆಡ್ಮಾಷ್ಟ್ರ ಹೆಸರಲ್ಲಿ ಹೋಗ್ಬಾರ್ದು, ಎಲ್ಲ ಎಸ್‌ಡಿಎಂಸಿ ಠರಾವು, ಅಧ್ಯಕ್ಷೆ ಸಹಿ. ಅದಕ್ಕೆ ಕಾನೂನಿನ ಬಲವೂ ಉಂಟು, 2009ರ ಕಾಯ್ದೆಯ 21ನೇ ಕಲಮಿನ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರ್ಬೇಕು, ಶಾಲೆಯ ಅಭಿವೃದ್ಧಿ ಯೋಜನೆ ತಯಾರಿಸುವುದೂ ಅದೇ ಸಮಿತಿ.

ಕೋರ್ಟಿಗೆ ಹೋಗುವ ಅಂತಲೂ ಒಬ್ರು ಹಟ ಹಿಡಿದಿದ್ರು. ವಕೀಲರೇ ತಡೆದ್ರು. ಮೊದಲು ಲಿಖಿತ ಮನವಿ ಕೊಟ್ಟು, ಅವ್ರು ಮಾಡ್ಲಿಲ್ಲ ಅಂತ ತೋರಿಸದೆ ರಿಟ್ ಹಾಕಿದ್ರೆ ಕೋರ್ಟು ಕೇಳುವ ಮೊದಲ ಪ್ರಶ್ನೆಯೇ ಅದು. ಹಾಗೆ ಡೀಸಿಗೆ ಒಂದು ಮನವಿ ರೆಡಿಯಾಯ್ತು, ಎರಡೇ ಪುಟ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಎಲ್ಲ ಹವಾಮಾನಕ್ಕೂ ತಾಳುವ ಕಟ್ಟಡ, ಒಬ್ಬ ಶಿಕ್ಷಕರಿಗೆ ಕನಿಷ್ಠ ಒಂದು ಕೋಣೆ ಇರ್ಬೇಕು ಅಂತ ಇರುವುದು, ಮತ್ತೆ 2009ರ ಅವಿನಾಶ್ ಮೆಹ್ರೋತ್ರಾ ಕೇಸಿನ ತೀರ್ಪು. 2004ರಲ್ಲಿ ಕುಂಭಕೋಣಂ ಶಾಲೆಯ ಬೆಂಕಿಯಲ್ಲಿ 94 ಮಕ್ಕಳು ಸತ್ತ ಮೇಲೆ ಹಾಕಿದ ಕೇಸು ಅದು, ಶಿಕ್ಷಣದ ಹಕ್ಕು ಅಂದ್ರೆ ಸುರಕ್ಷಿತ ಶಾಲೆಯ ಹಕ್ಕೂ ಸೇರ್ತದೆ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು. ಕೊನೆಯಲ್ಲಿ ಒಂದೇ ಬೇಡಿಕೆ: ಜಂಟಿ ತಪಾಸಣೆಗೆ ದಿನ ನಿಗದಿ ಮಾಡಿ. ಶಾಲೆ ಕಟ್ಟಿಕೊಡಿ ಅಂತ ಅದ್ರಲ್ಲಿ ಬರೀಲೇ ಇಲ್ಲ. ಇದು ಬೇಕು ಅಂತಲೇ ಮಾಡಿದ್ದು. ಒಂದು ಮನವಿಗೆ ಒಂದು ಬೇಡಿಕೆ, ಅದೂ ಆ ಟೇಬಲ್‌ನಿಂದ ಆಗುವಂಥದ್ದು. ದಿನ ಸಿಕ್ಕಿತು, ಇಂಜಿನಿಯರ್ ಬಂದ್ರು, ಮುಖ್ಯ ಕಟ್ಟಡ ಉಪಯೋಗಕ್ಕೆ ಯೋಗ್ಯ ಅಲ್ಲ ಅಂತ ಸರ್ಟಿಫಿಕೇಟ್ ಆಯ್ತು. ಮಹಜರಿನಲ್ಲಿದ್ದ ಆ ಒಂದು ಸಾಲು ಇಲ್ಲಿ ಕೆಲ್ಸಕ್ಕೆ ಬಂತು, ಇಲ್ಲಾಂದ್ರೆ ಬಿರುಕು ಆಮೇಲೆ ಬಂದದ್ದು ಅಂತ ಹೇಳ್ಬಹುದಿತ್ತು.

ಜಾಗ ಯಾರದ್ದು

ಅನುದಾನದ ಪಟ್ಟಿಗೆ ಹೆಸರು ಹೋಗುವಾಗ ಪಹಣಿ ಕೇಳಿದ್ರು. ತೆಗೆದು ನೋಡಿದ್ರೆ ಶಾಲೆ ಇರುವ ಜಾಗ ಇನ್ನೂ ಹಳೇ ಗುತ್ತಿನ ಮನೆಯವ್ರ (ಊರಿನ ಹಿಂದಿನ ದೊಡ್ಡ ಜಮೀನ್ದಾರ ಮನೆತನ) ಹೆಸರಲ್ಲೇ ಉಂಟು! ಕರಾವಳಿಯಲ್ಲಿ ಇದು ಮಾಮೂಲು. ಮದ್ರಾಸು ಸರಕಾರದ ಕಾಲದಲ್ಲಿ ಯಜಮಾನ್ರು ಶಾಲೆಗೆ ಅಂತ ಬಾಯಿಮಾತಲ್ಲಿ ಬಿಟ್ಟ ಜಾಗ, 1974ರ ಭೂಸುಧಾರಣೆಯಲ್ಲಿ ಸುತ್ತಲಿನ ಗದ್ದೆ ಎಲ್ಲ ಒಕ್ಕಲಿನವ್ರಿಗೆ ಹೋಯ್ತು, ಶಾಲೆಯ ತುಂಡು ಮಾತ್ರ ಯಾರೂ ಡಿಕ್ಲರೇಶನ್ (ಒಕ್ಕಲಿನ ಹಕ್ಕಿನ ಅರ್ಜಿ) ಹಾಕದೆ ಹಾಗೇ ಉಳೀತು. ಹಳೆ ಕಾಗದ ಹುಡುಕ್ಲಿಕ್ಕೆ ಮಂಗಳೂರಿಗೆ ಹೋಗ್ಬೇಕಾಯ್ತು, ಉಡುಪಿ ಜಿಲ್ಲೆಯಾದದ್ದೇ 1997ರಲ್ಲಿ.

ಮನೆಯವ್ರು ಈಗ ಹತ್ತು ಕಡೆ, ಅಳಿಯಕಟ್ಟಿನ ಕುಟುಂಬ (ಆಸ್ತಿ ತಾಯಿಯ ಕಡೆಯಿಂದ ಹೋಗುವಂಥದ್ದು), ಪಾಲಿನ ಜಗಳ ಬೇರೆ. ಹೆಚ್ಚಿನವ್ರು ಮುಂಬೈಯಲ್ಲಿ. ಮೊದಲು ಸರಕಾರದ ಕಡೆಯಿಂದ ನೋಟಿಸ್ ಕೊಡಿಸುವ ಅಂತ ಯೋಚನೆ ಇತ್ತು, ರಿಕ್ಷಾ ಡ್ರೈವರಣ್ಣ ಬೇಡ ಅಂದ್ರು, "ನೋಟಿಸ್ ಹೋದ್ರೆ ಅವ್ರು ವಕೀಲರನ್ನ ಹಿಡೀತಾರೆ, ನಾವು ಮನೆಗೆ ಹೋಗುವ." ಭೂತಕೋಲಕ್ಕೆ ಎಲ್ಲರೂ ಊರಿಗೆ ಬರ್ತಾರೆ, ಆಗ ಹೋದ್ರು. ಅಧ್ಯಕ್ಷೆ ಹಿರಿ ಅಮ್ಮನ ಹತ್ರ ಕೂತು, "ಅಮ್ಮ, ನಿಮ್ಮ ದೊಡ್ಡಮಾವ ಕೊಟ್ಟದ್ದು, ಕಾಗದ ಮಾತ್ರ ಬಾಕಿ" ಅಂದ್ರಂತೆ. ಒಬ್ರು ಬಿಟ್ಟು ಎಲ್ಲ ಒಪ್ಪಿದ್ರು. ಆ ಒಬ್ರಿಗೆ ಬೇಕಾದದ್ದು ಜಾಗ ಅಲ್ಲ, ಹಿರಿಯರ ಹೆಸರು ಗೋಡೆ ಮೇಲೆ ಬರ್ಬೇಕು. ದಾನಿಗಳ ಹೆಸರಿನ ಕಲ್ಲು ಹಾಕುವುದು ಅಂತ ಎಸ್‌ಡಿಎಂಸಿ ಠರಾವು ಮಾಡಿತು, ದಾನಪತ್ರ ರಿಜಿಸ್ಟರ್ ಆಯ್ತು. ಪವರ್ ಆಫ್ ಅಟಾರ್ನಿ ತರಿಸುವುದಕ್ಕೇ ವಾರಗಟ್ಟಲೆ ಹೋಯ್ತು, ಅದನ್ನ ವಿವರಿಸಿದ್ರೆ ಓದುವವ್ರಿಗೂ ಬೇಜಾರು.

ಈ ಮಧ್ಯೆ ಹಳೆ ವಿದ್ಯಾರ್ಥಿಗಳ ಮುಂಬೈ ಗುಂಪಿನಿಂದ ಒಂದು ಆಫರ್ ಬಂತು. ಹೋಟೆಲ್ ಮಾಡಿಕೊಂಡು ಚೆನ್ನಾಗಿರುವವ್ರು, ಸರಕಾರವನ್ನ ಕಾಯುದು ಯಾಕೆ, ನಾವೇ ಕಟ್ಟಿಸ್ತೇವೆ, ಎರಡು ಕೋಣೆ, ಶೀಟಿನ ಮಾಡು, ಎರಡೇ ತಿಂಗಳು. ಬೇಗ ಆಗುವ ದಾರಿ ಅಂದ್ರೆ ಇದೇ ಅಲ್ವಾ ಅಂತ ಎಲ್ಲರಿಗೂ ಅನಿಸಿತು. ಆದ್ರೆ ವಕೀಲರ ಲೆಕ್ಕ ಬೇರೆ: ಕೋಣೆ ಇದೆ ಅಂತ ಆದ್ರೆ ಕೊರತೆ ಪಟ್ಟಿಯಲ್ಲಿ ಶಾಲೆ ಕೆಳಗೆ ಹೋಗ್ತದೆ, ಶೀಟಿನ ಕೋಣೆ ಹತ್ತು ವರ್ಷದಲ್ಲಿ ತುಕ್ಕು. ತುಂಬ ಹೊತ್ತು ಮಾತಾಡಿದ ಮೇಲೆ ಮುಂಬೈಯವ್ರಿಗೆ ಹೇಳಿದ್ದು, ಕೋಣೆ ಬೇಡ, ಬೇರೆ ಒಂದಕ್ಕೆ ನಿಮ್ಮ ಹಣ ಇಟ್ಕೊಳ್ಳಿ, ಟೈಮ್ ಬಂದಾಗ ಹೇಳ್ತೇವೆ. ಕೆಲವ್ರಿಗೆ ಬೇಸರ ಆಯ್ತು, ಕೊಡ್ಲಿಕ್ಕೆ ಬಂದವ್ರಿಗೇ ಬೇಡ ಅನ್ನುದಾ ಅಂತ. ಒಬ್ರಂತೂ ಗ್ರೂಪ್ ಬಿಟ್ಟೇ ಹೋದ್ರು.

ಮಕ್ಕಳ ಗ್ರಾಮಸಭೆ

ಇದು ಯಾರೂ ಪ್ಲಾನ್ ಮಾಡಿದ್ದಲ್ಲ. ನವೆಂಬರ್‌ನಲ್ಲಿ ಪಂಚಾಯತಿನ ಮಕ್ಕಳ ಗ್ರಾಮಸಭೆ, ಪ್ರತೀ ವರ್ಷ ಆಗುವಂಥದ್ದು, ಮಾಮೂಲಾಗಿ ಮಕ್ಕಳು ಆಟದ ಸಾಮಾನು, ದಾರಿದೀಪ ಕೇಳ್ತಾರೆ. ಆರನೇ ಕ್ಲಾಸಿನ ಒಂದು ಹುಡುಗಿ ಎದ್ದು ನಿಂತು, ಯುವಕ ಮಂಡಲದ ಹಾಲ್‌ನಲ್ಲಿ ಹುಡುಗಿಯರಿಗೆ ಟಾಯ್ಲೆಟ್ ಇಲ್ಲ, ನಾವು ಬೆಳಿಗ್ಗೆಯಿಂದ ನೀರು ಕುಡಿಯುದಿಲ್ಲ ಅಂದ್ಲು. ದೊಡ್ಡವ್ರು ಯಾರೂ ಅಷ್ಟು ತಿಂಗಳು ಅದನ್ನ ಬರೆದಿರ್ಲಿಲ್ಲ, ನಾವೆಲ್ಲ ಕಟ್ಟಡ ಕಟ್ಟಡ ಅಂತಲೇ ಇದ್ದದ್ದು. ಅದು ನಡಾವಳಿಯಲ್ಲಿ ದಾಖಲಾಯ್ತು, ಪಂಚಾಯತಿನ ಅಧಿಕಾರಿ ಪಿಡಿಒ ಅಲ್ಲೇ ಉತ್ತರ ಕೊಡ್ಬೇಕಾಯ್ತು, ಕ್ರಿಸ್‌ಮಸ್ ರಜೆಗೆ ಮೊದಲು ಟಾಯ್ಲೆಟ್ ಆಯ್ತು. ಇಡೀ ಪ್ರಕರಣದಲ್ಲಿ ಹೇಳಿದ ಟೈಮಿಗೆ ಮುಗಿದ ಕೆಲ್ಸ ಅಂದ್ರೆ ಅದೊಂದೇ.

ಕ್ಯಾಲೆಂಡರ್

ಡಿಸೆಂಬರ್‌ನಲ್ಲಿ ಮೂರು ಕೋಣೆ ಮಂಜೂರಾಯ್ತು. ಕೇಳಿದ್ದು ಐದು. ಹಳೆ ಕಟ್ಟಡ ಕೆಡವ್ಬೇಕು, ಅದಕ್ಕೆ ಮೊದಲು ಹಂಚು, ಪಕ್ಕಾಸು, ಬಾಗಿಲುಗಳಿಗೆ ಬೆಲೆ ಕಟ್ಟಿ ಹರಾಜು ಹಾಕ್ಬೇಕು, ಸರಕಾರಿ ಸೊತ್ತು, ಸುಮ್ಮನೆ ಒಡೀಲಿಕ್ಕಾಗುದಿಲ್ಲ. ಮೊದಲ ಹರಾಜಿಗೆ ಯಾರೂ ಬರ್ಲಿಲ್ಲ, ಕಟ್ಟಿದ ಬೆಲೆ ಜಾಸ್ತಿ. ಮರ ಗಟ್ಟಿ ಕಿರಾಲ್‌ಬೋಗಿ, ಹಂಚು ಹಳೇ ಕಾರ್ಖಾನೆಯ ಮುದ್ರೆ ಇರುವಂಥದ್ದು. (1865ರಲ್ಲಿ ಬಾಸೆಲ್ ಮಿಷನ್‌ನವ್ರು ಮಂಗಳೂರಿನ ಜೆಪ್ಪುವಿನಲ್ಲಿ ಶುರು ಮಾಡಿದ ಹಂಚಿನ ಉದ್ಯಮದ ಮೊಮ್ಮಕ್ಕಳು ಇವು, ಈಗ ರೆಸಾರ್ಟ್‌ನವ್ರು ಹುಡುಕಿಕೊಂಡು ಬರ್ತಾರೆ.) ಎರಡನೇ ಸಲ ಬೆಲೆ ಇಳಿಸಿದ ಮೇಲೆ ಹೋಯ್ತು.

ಆಗ ವಕೀಲರು ಒಂದು ಕೆಲ್ಸ ಮಾಡಿದ್ರು, ನನಗೆ ಅದು ಇವತ್ತಿಗೂ ಮೆಚ್ಚುಗೆ. ಒಂದು ಹಾಳೆಯಲ್ಲಿ ಕೊನೆಯಿಂದ ಹಿಂದಕ್ಕೆ ದಿನ ಬರೆದ್ರು: ಮೇ ಕೊನೆಗೆ ಸ್ಲ್ಯಾಬ್ ಆಗ್ಬೇಕು, ಆಮೇಲೆ ಮಳೆ. ಹಾಗಾದ್ರೆ ಏಪ್ರಿಲ್‌ಗೆ ಗೋಡೆ, ಮಾರ್ಚ್‌ಗೆ ಪಂಚಾಂಗ (ಪಾಯದ ಮೇಲೆ ನೆಲದ ಮಟ್ಟದವರೆಗಿನ ಕಟ್ಟು), ಫೆಬ್ರವರಿಗೆ ಕೆಲಸದ ಆದೇಶ. ಮತ್ತೆ ಎದುರಿಗೆ ಚುನಾವಣೆ. ನೀತಿ ಸಂಹಿತೆ ಬಂತು ಅಂದ್ರೆ ಆದೇಶ ಕೈಯಲ್ಲಿದ್ರೂ ಸ್ಥಳದಲ್ಲಿ ಶುರುವಾಗದ ಕೆಲ್ಸ ಶುರು ಮಾಡ್ಲಿಕ್ಕಿಲ್ಲ, ಶುರುವಾದದ್ದು ಮುಂದುವರೀಬಹುದು. ಆ ಹಾಳೆಯನ್ನ ಎಲ್ಲ ಆಫೀಸಿಗೂ ಕೊಟ್ರು, ಬೈಗುಳ ಇಲ್ಲ, ಘೋಷಣೆ ಇಲ್ಲ, ಯಾವ ದಿನ ಯಾರ ಟೇಬಲ್ ಮೇಲೆ ಎಂತ ಇರ್ಬೇಕು ಅಂತ ಮಾತ್ರ. ಒಬ್ರು ಅಧಿಕಾರಿ ಅದನ್ನ ತಮ್ಮ ಗಾಜಿನ ಕೆಳಗೆ ಇಟ್ಟುಕೊಂಡ್ರಂತೆ. ಅಧಿಕಾರಿಗಳಿಗೂ ಮಾಡ್ಬಾರ್ದು ಅಂತ ಇರುದಿಲ್ಲ, ಇವತ್ತು ಯಾವ ಫೈಲ್ ಮೊದಲು ತೆಗೀಬೇಕು ಅಂತ ಗೊತ್ತಿರುದಿಲ್ಲ, ಅಷ್ಟೇ. ಗುದ್ದಲಿ ಪೂಜೆಗೆ ಶಾಸಕರ ಡೇಟ್ ಸಿಗ್ಲಿಲ್ಲ, ಕಾಯುವ ಅಂತ ಕಾಂಟ್ರಾಕ್ಟರು, ಬೇಡ ಪಾಯ ತೋಡಿ ಅಂತ ಪೋಷಕರು. ನೀತಿ ಸಂಹಿತೆ ಬರುವಾಗ ಪಾಯದ ಕಲ್ಲು ಬಿದ್ದಿತ್ತು.

ಕೆಲ್ಸ ನಿಲ್ಲಿಸಿದವ್ರೂ ಪೋಷಕರೇ

ಪಂಚಾಂಗ ಏಳುವಾಗ ಒಬ್ಬ ಮೀನುಗಾರ ಅಪ್ಪ ಬಂದು ನೋಡಿ, ಇದು ಸಾಲುದಿಲ್ಲ ಅಂದ. ನೆರೆಯ ನೀರು ನಿಂತ ಗುರುತು ಆರ್‌ಸಿಸಿ ಕೋಣೆಯ ಗೋಡೆಯಲ್ಲಿ ಇನ್ನೂ ಇತ್ತು, ಅದಕ್ಕೆ ಹಗ್ಗ ಹಿಡಿದು ಎಳೆದು ತೋರಿಸಿದ, ಹೊಸ ಕೋಣೆಯ ನೆಲ ಆ ಗುರುತಿಗಿಂತ ಒಂದು ಮೊಳ ಕೆಳಗೆ. ಇಂಜಿನಿಯರ್ ಹೇಳಿದ್ದೂ ಸುಳ್ಳಲ್ಲ, ನಕ್ಷೆ ಎಲ್ಲ ಶಾಲೆಗೂ ಒಂದೇ, ಎತ್ತರ ಜಾಸ್ತಿ ಮಾಡ್ಲಿಕ್ಕೆ ಎಸ್ಟಿಮೇಟಿನಲ್ಲಿ ಹಣ ಇಲ್ಲ. ವರ್ಷವಿಡೀ ಬೇಗ ಬೇಗ ಅಂತ ಬಾಯಿ ಬಡ್ಕೊಂಡವ್ರೇ ಈಗ ಕೆಲ್ಸ ನಿಲ್ಲಿಸಿ ಅಂದದ್ದು. ಕಾಂಟ್ರಾಕ್ಟರ್ ನಕ್ಕ, ಆಮೇಲೆ ಸಿಟ್ಟು ಮಾಡಿದ. ಮೇ ಕೊನೆಯ ಸ್ಲ್ಯಾಬ್ ಆಸೆ ಅಲ್ಲಿಗೇ ಹೋಗ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಅಧ್ಯಕ್ಷೆ ಮೀಟಿಂಗ್‌ನಲ್ಲಿ ಕೈ ಎತ್ತಿಸಿದ್ರು, ನಿಲ್ಲಿಸುವ ಕಡೆಗೆ ಬಹುಮತ, ಆದ್ರೆ ಎರಡು ಮನೆಯವ್ರು ಅದೇ ವಾರ ಟಿಸಿ ತಗೊಂಡ್ರು, ಇನ್ನೊಂದು ಮಳೆಗಾಲ ಹಾಲ್‌ನಲ್ಲಿ ಕೂರಿಸ್ಲಿಕ್ಕಾಗುದಿಲ್ಲ ಅಂತ. ಅವ್ರನ್ನ ತಪ್ಪು ಅಂತ ಹೇಳ್ಲಿಕ್ಕೆ ನನಗೆ ಬಾಯಿ ಬರುದಿಲ್ಲ.

ಮುಂಬೈಯವ್ರಿಗೆ ಫೋನ್ ಹೋದದ್ದು ಆಗ. ಹೆಚ್ಚುವರಿ ಮುರಕಲ್ಲು, ಮಣ್ಣು ತುಂಬಿಸುವುದು, ಎದುರಿಗೆ ರ್‍ಯಾಂಪ್, ಇದಕ್ಕೆ ಅವ್ರ ಹಣ. ಇಲಾಖೆಯ ಒಪ್ಪಿಗೆ ಪತ್ರ ತಗೊಂಡೇ ಮಾಡಿದ್ದು, ಇಲ್ಲಾಂದ್ರೆ ಕಾಂಟ್ರಾಕ್ಟರ್ ಬಿಲ್ಲಿನಲ್ಲಿ ಗೊಂದಲ. ಅಡುಗೆ ಕೋಣೆ ಮತ್ತು ಕಾಂಪೌಂಡು ನರೇಗಾದಲ್ಲಿ ಪಂಚಾಯತ್ ಮಾಡಿತು.

ಆ ಮಳೆಗಾಲಕ್ಕೆ ಗೋಡೆ ಅರ್ಧ, ಮೇಲೆ ಟಾರ್ಪಾಲು. ಮೂರು ಕೋಣೆ ಮುಗಿದು ಮಕ್ಕಳು ಒಳಗೆ ಹೋದದ್ದು ದೀಪಾವಳಿ ಕಳೆದ ಮೇಲೆ, ಬಿದ್ದು ಒಂದು ವರ್ಷ ಮತ್ತೆ ನಾಲ್ಕು ತಿಂಗಳು. ಅಷ್ಟ್ರಲ್ಲಿ ಶಾಲೆ ಬಿಟ್ಟವ್ರು ಇಪ್ಪತ್ತು ಚಿಲ್ಲರೆ, ಹೆಚ್ಚಿನವ್ರು ಮೇ-ಜೂನ್‌ನಲ್ಲೇ, ಇಂಗ್ಲಿಷ್ ಮೀಡಿಯಂ ವ್ಯಾನು ಮನೆ ಬಾಗಿಲಿಗೆ ಬರುವಾಗ. ಪೋಷಕರ ಹೋರಾಟಕ್ಕೆ ನಿಜವಾದ ಡೆಡ್‌ಲೈನ್ ಅದೇ ಅಡ್ಮಿಶನ್ ಟೈಮು, ಕಾಂಟ್ರಾಕ್ಟರನ ಅವಧಿ ಯಾರೂ ನೋಡುದಿಲ್ಲ. ಏಪ್ರಿಲ್‌ನಲ್ಲೇ ಮನೆ ಮನೆಗೆ ಹೋಗಿ ಕಟ್ಟಡ ಎಲ್ಲಿವರೆಗೆ ಬಂತು, ಯಾವಾಗ ಮುಗೀತದೆ ಅಂತ ಸುಳ್ಳು ಹೇಳದೆ ತಿಳಿಸಿದ್ದಿದ್ರೆ ಅರ್ಧದಷ್ಟು ಮಕ್ಕಳಾದ್ರೂ ಉಳೀತಿದ್ರು ಅಂತ ಟೀಚರುಗಳ ಅಂದಾಜು.

ಮುಂದಿನ ಮಳೆಯಲ್ಲಿ ಹೊಳೆ ಅಂಗಳಕ್ಕೆ ಬಂತು, ಜಗಲಿ ಮೆಟ್ಟಿಲು ಎರಡು ಮುಳುಗಿತು, ಕೋಣೆಗೆ ಬರ್ಲಿಲ್ಲ.

ಬಾಕಿ ಎರಡು ಕೋಣೆ ಇನ್ನೂ ಆಗಿಲ್ಲ. ಆರು ಮತ್ತು ಏಳನೇಯವ್ರು ಒಂದೇ ಕೋಣೆಯಲ್ಲಿ, ಮಧ್ಯೆ ಒಂದು ಬೋರ್ಡು. ಅಧ್ಯಕ್ಷೆಯ ಮಗ ಏಳನೇ ಪಾಸಾಗಿ ಹೈಸ್ಕೂಲಿಗೆ ಹೋದ, ಮಗು ಶಾಲೆಯಲ್ಲಿ ಇಲ್ಲದವ್ರು ಎಸ್‌ಡಿಎಂಸಿಯಲ್ಲಿ ಇರ್ಲಿಕ್ಕಿಲ್ಲ, ಹಾಗಾಗಿ ಅವ್ರ ಸದಸ್ಯತ್ವ ಮುಗೀತು. ಹೋಗುವಾಗ ಎಲ್ಲ ಕಾಗದ, ಯಾವ ಅರ್ಜಿ ಯಾವ ಆಫೀಸಿನಲ್ಲಿ ಯಾವ ದಿನ ಕೊಟ್ಟದ್ದು, ಸ್ವೀಕೃತಿ ಸೀಲ್ ಇರುವ ಪ್ರತಿ, ಇಂಜಿನಿಯರ್ ಸರ್ಟಿಫಿಕೇಟು, ದಾನಪತ್ರದ ನಕಲು, ಒಂದು ರೆಕ್ಸಿನ್ ಬ್ಯಾಗಿನಲ್ಲಿ ಹಾಕಿ ಹೊಸ ಅಧ್ಯಕ್ಷರ ಕೈಗೆ ಕೊಟ್ಟು ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡ್ರು. ಹೊಸ ಅಧ್ಯಕ್ಷರು ಟೆಂಪೋ ಇಟ್ಟುಕೊಂಡವ್ರು, ಎರಡು ಕೋಣೆಯ ಹೊಸ ಎಸ್ಟಿಮೇಟಿಗೆ ಈ ತಿಂಗಳು ಅರ್ಜಿ ಹಾಕಿದ್ದಾರೆ, ಪಂಚಾಂಗದ ಎತ್ತರ ಎಷ್ಟಿರ್ಬೇಕು ಅಂತ ಈ ಸಲ ಮೊದಲ ಸಾಲಿನಲ್ಲೇ ಬರೆದು.